ಸರ್ವರ್‌ನಲ್ಲಿ ಮಾತ್ರ ಖಾಲಿ ಬರುವ ಕೀಲಿ

ಪ್ರಶ್ನೆ: ಲಾರಾವೆಲ್ (ಪಿಎಚ್‌ಪಿ ಭಾಷೆಯ ಜಾಲತಾಣ ಚೌಕಟ್ಟು) ಬಳಸಿ ಕಟ್ಟಿದ ನನ್ನ ಜಾಲತಾಣ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಸರ್ವರ್‌ಗೆ ಹಾಕಿದರೆ ಪಾವತಿ ಸೇವೆಯ ಕೀಲಿ ಖಾಲಿ ಬರುತ್ತದೆ. ಗುಟ್ಟಿನ ಮೌಲ್ಯಗಳನ್ನಿಡುವ ಡಾಟ್ ಎನ್ವ್ (.env) ಕಡತದಲ್ಲಿ ಕೀಲಿ ಇದೆಯಲ್ಲ?

ಉತ್ತರ: ಸರ್ವರ್‌ನಲ್ಲಿ ನೀವು ಕಾನ್ಫಿಗ್ ಕ್ಯಾಶ್ (config:cache) ಆದೇಶ, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಕಡತದಲ್ಲಿ ಕೂಡಿಸಿಡುವ ಆದೇಶ, ಕೊಟ್ಟಿರಬೇಕು. ಆಮೇಲೆ ಲಾರಾವೆಲ್ ಡಾಟ್ ಎನ್ವ್ ಕಡತವನ್ನು ಓದುವುದೇ ಇಲ್ಲ. ಕಂಟ್ರೋಲರ್‌ನಲ್ಲಿ (ಕೋರಿಕೆಗಳಿಗೆ ಉತ್ತರಿಸುವ ಕೋಡ್) ನೇರವಾಗಿ ಬರೆದ ಎನ್ವ್ ಫಂಕ್ಷನ್ ಕರೆಗೆ ನಲ್, ಅಂದರೆ ಖಾಲಿ ಮೌಲ್ಯ, ಸಿಗುತ್ತದೆ. ಆ ಕರೆ ಕಾನ್ಫಿಗ್ ಫೋಲ್ಡರಿನ ಕಡತಗಳಲ್ಲಿ ಮಾತ್ರ ಇರಲಿ. ಅಲ್ಲಿನ ಸರ್ವಿಸಸ್ ಕಡತದಲ್ಲಿ ಕೀಲಿಗೊಂದು ಹೆಸರು ಕೊಟ್ಟು, ಉಳಿದೆಡೆ ಕಾನ್ಫಿಗ್ ಫಂಕ್ಷನ್ ಮೂಲಕ ಓದಿ. ಮೌಲ್ಯ ಬದಲಿಸಿದಾಗಲೆಲ್ಲ ಕ್ಯಾಶ್ ಮತ್ತೆ ಕಟ್ಟಬೇಕು.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ, ಇದರಲ್ಲಿ ನಾನು ಹಟಮಾರಿ: ಡಾಟ್ ಎನ್ವ್ ಕಡತ ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಹೋಗಲೇಕೂಡದು. ಹೋಗಿಬಿಟ್ಟಿದ್ದರೆ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ (ಗಿಟ್ ಉಳಿಸಿಟ್ಟ ಹಿಂದಿನ ದಾಖಲೆಗಳಲ್ಲಿ) ಉಳಿದೇ ಇರುತ್ತದೆ. ಕೀಲಿಯನ್ನೇ ಇಂದೇ ಬದಲಿಸಿ.