ಅಟ್ಟ ಮೇಲೆ ಉರಿದ ಒಲೆ, ಸ್ಟಾಕ್‌ಹೋಮ್‌ನಲ್ಲಿ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದದ್ದು.)

ಶ್ವೇತಾ ಅಂತಿಟ್ಟುಕೊಳ್ಳೋಣ. ಹಾಸನದ ಕಡೆಯವರು, ಸ್ಟಾಕ್‌ಹೋಮ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಗಂಡ, ಐದು ವರ್ಷದ ಮಗ ಬೆಂಗಳೂರಿನಲ್ಲಿ. ಮನೆ ಸಿಕ್ಕ ತಕ್ಷಣ ಅವರು ಹೊರಡುವುದು ಅಂತ ಮಾತಾಗಿತ್ತು.

ಸ್ಟಾಕ್‌ಹೋಮ್‌ನಲ್ಲಿ ನೇರ ಬಾಡಿಗೆಗೆ ಮನೆ ಬೇಕಂದರೆ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯಬೇಕು. ಹಾಗಾಗಿ ಹೊಸಬರು ‘ಎರಡನೇ ಕೈ’ ಬಾಡಿಗೆ, ಅಂದರೆ ಈಗಾಗಲೇ ಮನೆ ಇರುವವರು ಬೇರೆಯವರಿಗೆ ಕೊಡುವ ಮರುಬಾಡಿಗೆ, ಹುಡುಕುತ್ತಾರೆ. ಇವರೂ ಒಂದು ಜಾಹೀರಾತು ನೋಡಿದರು. ಫೋಟೋ ಚೆನ್ನಾಗಿತ್ತು. ಮಾಲೀಕ ಬೇರೆ ಊರಲ್ಲಿದ್ದೀನಿ, ಮುಂಗಡ ಹಾಕಿ, ಕೀ ಕೊರಿಯರ್ ಮಾಡ್ತೀನಿ ಅಂದ. 26 ಸಾವಿರ ಕ್ರೋನಾ ಹಾಕಿದರು. ನಮ್ಮ ಲೆಕ್ಕದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ. ಕೀ ಬರಲಿಲ್ಲ, ಫೋನೂ ಸತ್ತಿತು.

ನಾನು ಆಪ್ತಸಲಹೆ ಕೊಡುವವಳು, ನಮ್ಮ ಮಾತು ಶನಿವಾರದ ಕಾಲ್‌ನಲ್ಲಿ. ಆದರೆ ಅವರು ನನ್ನ ಹತ್ತಿರ ಬಂದಿದ್ದು ದುಡ್ಡಿನ ವಿಷಯಕ್ಕಲ್ಲ. ಒಂದು ಗಾದೆ ವಿಷಯಕ್ಕೆ.

ಆಫೀಸಿನ ಫೀಕಾ ಹೊತ್ತಿನಲ್ಲಿ, ಅಂದರೆ ಕಾಫಿಗೆ ಎಲ್ಲರೂ ಒಟ್ಟಿಗೆ ಕೂರುವ ಹೊತ್ತಿನಲ್ಲಿ, ಧೈರ್ಯ ಮಾಡಿ ಇದನ್ನು ಹೇಳಿಕೊಂಡಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು, “ಆವ್ ಸ್ಕಾದನ್ ಬ್ಲೀರ್ ಮನ್ ವೀಸ್” ಅಂದರು. ಪೆಟ್ಟಿನಿಂದ ಬುದ್ಧಿ ಬರುತ್ತೆ ಅಂತ ಅರ್ಥ. ಶ್ವೇತಾಗೆ ಅದು ಚುಚ್ಚಿದ ಹಾಗಾಯಿತು. ಅವತ್ತಿನಿಂದ ಕಾಫಿಗೆ ಹೋಗುವುದನ್ನೇ ಬಿಟ್ಟರು. ಒಂದು ಮೇಲ್ ಕಳಿಸಬೇಕಂದರೆ ನಾಲ್ಕು ಸಲ ಓದುವುದು, ರಾತ್ರಿ ಎದ್ದು ಬ್ಯಾಂಕ್ ಆ್ಯಪ್ ತೆಗೆದು ನೋಡುವುದು ಶುರುವಾಯಿತು. ಗಂಡನಿಗೆ ಅರ್ಧ ಮೊತ್ತ ಮಾತ್ರ ಹೇಳಿದ್ದರು.

ನಾನು ಮೊದಲ ವಾರವೇ ಒಂದು ತಪ್ಪು ಮಾಡಿದೆ. “ಯಜಮಾನರಿಗೆ ಪೂರ್ತಿ ಹೇಳಿಬಿಡಿ, ಹಗುರಾಗುತ್ತೆ” ಅಂದೆ. ಮುಂದಿನ ಶನಿವಾರ ಅವರು ಕಾಲ್‌ಗೆ ಬರಲೇ ಇಲ್ಲ. ಅವಸರ ನನ್ನದು.

ಮತ್ತೆ ಬಂದಾಗ ಬೇರೆ ಪ್ರಶ್ನೆ ಕೇಳಿದೆ. “ಆ ಗಾದೆ ಹೇಳುವಾಗ ಆ ಹಿರಿಯರ ಕೈ ಏನು ಮಾಡ್ತಿತ್ತು?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬನ್ ತಟ್ಟೆನ ನನ್ನ ಕಡೆ ತಳ್ಳಿದ್ರು ಮೇಡಂ. ದಾಲ್ಚಿನ್ನಿ ಬನ್.”

ಹಂಗಿಸುವವರು ತಟ್ಟೆ ತಳ್ಳುವುದಿಲ್ಲ, ಅಲ್ವಾ? ಹಾಗಿದ್ದರೆ ಚುಚ್ಚಿದ್ದು ಯಾರ ದನಿ? ಅದೂ ಸಿಕ್ಕಿತು. ಚಿಕ್ಕಂದಿನಲ್ಲಿ ಕೊಡೆ ಕಳೆದರೂ, ಲೆಕ್ಕದಲ್ಲಿ ನಂಬರ್ ಕಮ್ಮಿ ಬಂದರೂ ಅವರ ಅಪ್ಪನದ್ದು ಒಂದೇ ಮಾತು: “ಅಟ್ಟ ಮೇಲೆ ಒಲೆ ಉರೀತಂತೆ, ಕೆಟ್ಟ ಮೇಲೆ ಬುದ್ಧಿ ಬಂತಂತೆ.” ನಮ್ಮ ಗಾದೆಯಲ್ಲಿ ಬುದ್ಧಿ ಬರುತ್ತೆ, ಆದರೆ ತಡವಾಗಿ ಬರುತ್ತೆ. ಅಡುಗೆ ಮುಗಿದ ಮೇಲೆ ಒಲೆ ಉರಿದು ಏನು ಪ್ರಯೋಜನ? ಸ್ವೀಡಿಷ್ ಗಾದೆ ಬುದ್ಧಿ ಬಂತಲ್ಲ, ಅದು ಉಳಿಯಿತು ಅನ್ನುತ್ತದೆ. ಇವರು ಸ್ವೀಡಿಷ್ ಮಾತನ್ನು ಅಪ್ಪನ ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡಿದ್ದರು.

ನನಗೆ ಸ್ವೀಡಿಷ್ ಬರುವುದಿಲ್ಲ. ವಲಸೆ ಬಂದವರಿಗೆ ಅಲ್ಲಿನ ನಗರಸಭೆ ನಡೆಸುವ ಉಚಿತ ಭಾಷಾ ತರಗತಿಗೆ ಇವರು ಸಂಜೆ ಹೋಗುತ್ತಿದ್ದರು. ಅಲ್ಲೇ ಈ ಗಾದೆ ಬಗ್ಗೆ ಕೇಳಿ ಬನ್ನಿ ಅಂದೆ. ಎರಡು ವಿಷಯ ತಂದರು. ಒಂದು, ಅದರಲ್ಲಿನ ‘ಮನ್’ ಅಂದರೆ ‘ನೀನು’ ಅಲ್ಲ, ಯಾರಾದರೂ, ಎಲ್ಲರೂ. ಎರಡು, ಗಾದೆಗೆ ಒಂದು ಬಾಲವೂ ಇದೆ: ಪೆಟ್ಟಿನಿಂದ ಬುದ್ಧಿ ಬರುತ್ತೆ, ಆದರೆ ದುಡ್ಡು ಬರೋದು ಅಪರೂಪ. ಇದನ್ನು ಹೇಳುವಾಗ ಶ್ವೇತಾ ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು.

ಅದೇ ಭಾಷೆಯಲ್ಲಿ ಇನ್ನೊಂದು ಗಾದೆಯೂ ಇದೆಯಂತೆ: ಸುಟ್ಟುಕೊಂಡ ಮಗು ಬೆಂಕಿಗೆ ಹೆದರುತ್ತೆ. ನನಗೆ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೇ ಓಡುತ್ತಿತ್ತಲ್ಲ, ಅದು. ಕಲಿಯುವುದು ಬೇರೆ, ಓಡುವುದು ಬೇರೆ. ಬೆಕ್ಕು ಹಾಲು ಬಿಟ್ಟಿತೇ ಹೊರತು ಆರಿಸಿ ಕುಡಿಯುವುದನ್ನು ಕಲಿಯಲಿಲ್ಲ. “ನೀವೀಗ ಯಾವ ಗಾದೆಯಲ್ಲಿದ್ದೀರಿ?” ಅಂತ ಕೇಳಿದೆ. “ಬೆಕ್ಕು ಮೇಡಂ” ಅಂದರು.

ಕಲಿಯುವುದು ಹೇಗೆ ಅನ್ನುವುದಕ್ಕೆ ಉದಾಹರಣೆಯನ್ನೂ ಅವರೇ ತಂದರು. ಸ್ಟಾಕ್‌ಹೋಮ್‌ನಲ್ಲಿ ವಾಸಾ ಹಡಗಿನ ಮ್ಯೂಸಿಯಂ ಇದೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟು, 1,300 ಮೀಟರ್ ಹೋಗುವಷ್ಟರಲ್ಲಿ ಮುಳುಗಿದ ಹಡಗು. ಹೊರಡುವ ಮೊದಲೇ 30 ಜನರನ್ನು ಡೆಕ್ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದ್ದರು. ಹಡಗು ಜೋರಾಗಿ ತೂಗಾಡಿದ್ದಕ್ಕೆ, ಮೂರು ಸಲ ಓಡಿದ ಮೇಲೆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟರು. ಹಡಗನ್ನಲ್ಲ, ಪರೀಕ್ಷೆಯನ್ನು! “ಕೊರಿಯರ್‌ನಲ್ಲಿ ಕೀ ಅಂದಾಗ ನಂಗೂ ಹೊಟ್ಟೇಲಿ ಏನೋ ಆಯ್ತು ಮೇಡಂ. ನಾನೂ ನಿಲ್ಲಿಸಿಬಿಟ್ಟೆ.” ಮುಂದಿನ ಹಡಗು ‘ಎಪ್ಲೆಟ್’ ಅನ್ನು ಇನ್ನೂ ಅಗಲವಾಗಿ ಕಟ್ಟಿದರು. 1629ರಲ್ಲಿ ನೀರಿಗಿಳಿದ ಅದು, 1659ರಲ್ಲಿ ತಾವಾಗಿಯೇ ಮುಳುಗಿಸುವವರೆಗೂ ಇತ್ತು. ನನ್ನ ಮಟ್ಟಿಗೆ ಆ ಗಾದೆಯ ಅರ್ಥ ಇರುವುದು ವಾಸಾದಲ್ಲಲ್ಲ, ಎಪ್ಲೆಟ್‌ನಲ್ಲಿ.

ನಾನು ಕೊಟ್ಟ ಸಲಹೆ ಇಷ್ಟು. 114 14ಕ್ಕೆ ಫೋನ್ ಮಾಡಿ ಪೊಲೀಸರಿಗೆ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಅದನ್ನೂ ಮಾಡಿರಲಿಲ್ಲ. ಗಾದೆಯಲ್ಲಿರುವ ‘ಸ್ಕಾದಾ’ (ಪೆಟ್ಟು, ಹಾನಿ) ಅನ್ನುವ ಪದವೇ ಅಲ್ಲಿ ವಿಮೆಯ ಫಾರಂ ಮೇಲೂ ಇರುತ್ತದೆ. ಸೈಕಲ್ ಕಳುವಾದಾಗ ಇವರು ಅಂಥದ್ದೊಂದು ತುಂಬಿದ್ದರು. ಅದೇ ಥರ ಇದನ್ನೂ ಒಂದು ಹಾಳೆಯಲ್ಲಿ ಬರೆಯಿರಿ ಅಂದೆ: ಏನಾಯಿತು, ಯಾವತ್ತು, ಎಷ್ಟು ನಷ್ಟ, ಮುಂದಿನ ಸಲ ಎಲ್ಲಿ ಅಗಲ ಮಾಡಬೇಕು. ‘ನಾನು ದಡ್ಡಿ’ ಅಂತ ಬರೆಯಲು ಆ ಫಾರಂನಲ್ಲಿ ಜಾಗ ಇಲ್ಲ. ಅಗಲ ಮಾಡುವ ಕಡೆ ಅವರು ಬರೆದದ್ದು: ಮನೆ ಒಳಗೆ ಕಾಲಿಡದೆ, ಕರಾರಿಗೆ ಸಹಿ ಆಗದೆ ದುಡ್ಡಿಲ್ಲ, ಎರಡನೇ ಕೈ ಬಾಡಿಗೆಗೆ ಒಪ್ಪಿಗೆ ಇದೆಯಾ ಅಂತ ಕಾಗದ ಕೇಳುವುದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು.

ಇನ್ನು ಗಾದೆ ಬಳಸುವ ವಿಷಯ. ಇದನ್ನು ನಮ್ಮ ಬಗ್ಗೆ ನಾವು ಹೇಳಿಕೊಂಡರೆ ಚೆಂದ. ಬೇರೆಯವರ ಗಾಯ ಹಸಿ ಇರುವಾಗ ಹೇಳಿದರೆ, ಬನ್ ತಟ್ಟೆ ತಳ್ಳಿದರೂ ತಪ್ಪಾಗಿ ಕೇಳಿಸುವ ಸಂಭವ ಇದ್ದೇ ಇರುತ್ತದೆ. ಆ ಹಿರಿಯರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇದೆ, ಸುಮ್ನೆ ಹೇಳ್ತೀನಿ.

ಗಂಡನಿಗೆ ಐದನೇ ವಾರ ಹೇಳಿದರು, ಆ ಹಾಳೆ ನೋಡಿಕೊಂಡೇ. “ಕೊರಿಯರ್‌ನಲ್ಲಿ ಕೀ ಕಳಿಸ್ತೀನಿ ಅಂದ್ರೆ ನಂಬಿದ್ಯಾ?” ಅಂತ ಅವರು ಕೇಳಿದರಂತೆ. “ಹೂಂ, ನಂಬಿದೆ. 26 ಸಾವಿರ” ಅಂದರಂತೆ ಇವರು. ಅವತ್ತು ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಮಾರನೇ ದಿನ ಅವರೇ ಫೋನ್ ಮಾಡಿ, ಮಗನ ಟಿಕೆಟ್ ಯಾವ ತಿಂಗಳಿಗೆ ನೋಡಲಿ ಅಂತ ಕೇಳಿದರಂತೆ.

ದುಡ್ಡು ವಾಪಸ್ ಬಂದಿಲ್ಲ. ಈ ಶನಿವಾರ ಸೊಲೆನ್‌ಟ್ಯೂನಾದಲ್ಲಿ ಒಂದು ಮನೆ ನೋಡಲು ಹೋಗುತ್ತಿದ್ದಾರೆ, ಜೊತೆಗೆ ಆ ಬನ್ ತಟ್ಟೆಯವರು. ಹಾಗಾಗಿ ನಮ್ಮ ಕಾಲ್ ಭಾನುವಾರಕ್ಕೆ ಹೋಗಿದೆ.