ನ್ಯೂಜಿಲೆಂಡ್ ಸುತ್ತಲು ಕೋಚ್ ಬಸ್ಸೋ, ಬಾಡಿಗೆ ಕಾರೋ?

ಮಂಡ್ಯದಿಂದ ಅಪ್ಪ ಅಮ್ಮನ ಜೊತೆ ಎರಡು ವಾರಕ್ಕೆ ಹೊರಟಿದ್ದೀರಿ, ಇಡೀ ದೇಶಕ್ಕೂ ಒಂದೇ ಕಾರು ಹಿಡಿಯಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಉತ್ತರ ದ್ವೀಪಕ್ಕೆ ಕೋಚ್, ದಕ್ಷಿಣ ದ್ವೀಪಕ್ಕೆ ಕಾರು. ಮೈಸೂರಿನಿಂದ ನಾವು ಹೋದಾಗಲೂ ಹೀಗೇ ಮಾಡಿದ್ದು.

ಆಕ್ಲೆಂಡ್, ರೋಟೊರುವಾ, ವೆಲಿಂಗ್ಟನ್ ಸಾಲಿಗೆ ಇಂಟರ್‌ಸಿಟಿ ಬಸ್ ಸಾಕು. ಊರೊಳಗೆ ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ. ವೆಲಿಂಗ್ಟನ್‌ನಿಂದ ದಕ್ಷಿಣ ದ್ವೀಪದ ಪಿಕ್ಟನ್‌ಗೆ ಹಡಗು, ಸುಮಾರು ಮೂರೂವರೆ ಗಂಟೆ. ಕಾರನ್ನೂ ಹಡಗಿಗೆ ಹತ್ತಿಸಬಹುದು, ಆದರೆ ಅದಕ್ಕೆ ಬೇರೆ ದುಡ್ಡು. ಸುಮ್ನೆ ಯಾಕೆ? ಪಿಕ್ಟನ್‌ನಲ್ಲಿ ಇಳಿದ ಮೇಲೆ ಕಾರು ತಗೊಳ್ಳಿ.

ದಕ್ಷಿಣದಲ್ಲಿ ಕಾರು ಯಾಕೆ ಅಂದರೆ, ಅಲ್ಲಿ ದಾರಿಯೇ ನೋಡುವಂಥದ್ದು. ಪುಕಾಕಿ ಸರೋವರದ ದಂಡೆಯಲ್ಲಿ ಮೋಡ ಸರಿದರೆ 3,724 ಮೀಟರಿನ ಅವೊರಾಕಿ, ಅಂದರೆ ಮೌಂಟ್ ಕುಕ್, ನೇರ ಎದುರಿಗೇ ನಿಲ್ಲುತ್ತದೆ. ಮೋಡ ಸರಿಯುವ ತನಕ ಬಸ್ಸಿನವರು ಕಾಯುತ್ತಾರಾ? ಇನ್ನೊಂದು ವಿಷಯ, ಅಲ್ಲಿನ ಮೋಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ಪುಟ್ಟ ಅಡುಗೆಮನೆ ಇರುತ್ತದೆ. ಡಿಕ್ಕಿಯಲ್ಲಿ ಅಕ್ಕಿ, ಬೇಳೆ ಇದ್ದರೆ ರಾತ್ರಿ ಅನ್ನ ಸಾರಿಗೆ ಮೋಸವಿಲ್ಲ. ಅಮ್ಮನಿಗೆ ಅದೇ ದೊಡ್ಡ ಸಮಾಧಾನ.

ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು. ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ನಡೆಯುತ್ತದೆ. ಆದರೂ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಕೌಂಟರಿನಲ್ಲಿ ವಾದ ತಪ್ಪುತ್ತದೆ. ಕಾರು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ.

ನಮ್ಮ ಬೆಂಗಳೂರು–ಮೈಸೂರು ಹೈವೇಯಲ್ಲಿ 100ರ ಮಿತಿ ಇದೆಯಲ್ವಾ, ಅಲ್ಲೂ ಊರ ಹೊರಗೆ ಹೆಚ್ಚಿನ ಕಡೆ 100. ಆದರೆ ರಸ್ತೆ ಬಹುಪಾಲು ಎರಡೇ ಲೇನ್, ನಡುವೆ ಡಿವೈಡರ್ ಇಲ್ಲ, ಬೆಟ್ಟದ ತಿರುವು ಬೇರೆ. ಮ್ಯಾಪ್ ತೋರಿಸುವ ಟೈಮನ್ನು ನಂಬಬೇಡಿ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕಕ್ಕೆ ಹಾಕಿ ಬಿಟ್ಟುಬಿಡಿ.

ಒಂದೇ ಗಾಡಿ ಹಿಡಿಸುವ ಸೇತುವೆಗಳು ಜಾಸ್ತಿ. ಬೋರ್ಡಿನಲ್ಲಿ ಎರಡು ಬಾಣ ಇರುತ್ತವೆ, ಒಂದು ದೊಡ್ಡದು, ಒಂದು ಚಿಕ್ಕ ಕೆಂಪು ಬಾಣ. ಕೆಂಪು ಬಾಣ ನಿಮ್ಮ ಕಡೆಯದಾದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಲೈಟ್ ಹೊಡೆದು ನುಗ್ಗುವ ನಮ್ಮೂರ ಅಭ್ಯಾಸ ಅಲ್ಲಿ ಬೇಡವೇ ಬೇಡ. ದಾಟಿದವರು ಸ್ಟೀರಿಂಗ್ ಮೇಲಿಂದಲೇ ಬೆರಳೆತ್ತಿ ಥ್ಯಾಂಕ್ಸ್ ಹೇಳುತ್ತಾರೆ. ನೀವೂ ಎತ್ತಿ.

ಕೈಯಲ್ಲಿ ಕಾರಿದ್ದರೂ ಮಿಲ್ಫರ್ಡ್ ಸೌಂಡ್‌ಗೆ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಜಾಗಕ್ಕೆ, ಮಾತ್ರ ಕೋಚಿನಲ್ಲೇ ಹೋಗಿ. ಕ್ವೀನ್ಸ್‌ಟೌನ್‌ನಿಂದ ಒಂದು ಕಡೆಗೇ ಸುಮಾರು 290 ಕಿಲೋಮೀಟರ್. ಹೋಗಿ, ದೋಣಿ ಹತ್ತಿ, ಅದೇ ದಿನ ವಾಪಸ್ ಬರಬೇಕು. ದಾರಿಯಲ್ಲಿ ಸಿಗುವ ತೆ ಅನೌ ಊರು ದಾಟಿದ ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಚಳಿಗಾಲದಲ್ಲಾದರೆ ಹಿಮ ಕುಸಿಯುವ ಭಯಕ್ಕೆ ರಸ್ತೆ ಮುಚ್ಚುವುದೂ ಉಂಟು. ಅದೇ ದಾರಿಯಲ್ಲಿ, 1954ರಲ್ಲಿ ಸಂಚಾರಕ್ಕೆ ತೆರೆದ ಹೋಮರ್ ಸುರಂಗ 1.2 ಕಿಲೋಮೀಟರ್ ಉದ್ದ, ಗೋಡೆ ಕಲ್ಲು ಕಡಿದ ಹಾಗೇ ಇದೆ, ಒಳಗೇ ಇಳಿಜಾರು. ಅದನ್ನು ಡ್ರೈವರ್ ನೋಡಿಕೊಳ್ಳಲಿ, ನೀವು ಕಿಟಕಿಯಲ್ಲಿ ಜಲಪಾತ ನೋಡಿ. ಮಳೆ ಬಂದರೆ ಬೇಜಾರು ಬೇಡ, ಬಂದಷ್ಟೂ ಬಂಡೆಗಳ ಮೇಲೆ ನೀರಿನ ಸಾಲು ಜಾಸ್ತಿ.

ಏರ್‌ಪೋರ್ಟಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಅಕ್ಕಿ, ಬೇಳೆ ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಿ. ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.