ದೈವದ ಹಳೆ ಮೂರ್ತಿಗಳನ್ನು ಮ್ಯೂಸಿಯಂನಲ್ಲಿ ಇಡ್ತಾರಲ್ಲ, ಭೂತ ಅದರಲ್ಲೇ ಇರಲ್ವಾ?

ಇರಲ್ಲ ಅನ್ನೋದೇ ತುಳುನಾಡಿನ ನಂಬಿಕೆ. ಅಲ್ಲಿ ಭೂತ ಅಂದರೆ ದೆವ್ವ ಅಲ್ಲ, ಜನ ಪೂಜಿಸುವ ದೈವವೇ. ಮರದ ಮೂರ್ತಿ ಗೆದ್ದಲು ಹಿಡಿದು ಲಡ್ಡಾದಾಗ ಹೊಸದನ್ನು ಕೆತ್ತಿಸುತ್ತಾರೆ. ಆಗ ತಂತ್ರಿಗಳು ಹಳೆಯದರಲ್ಲಿದ್ದ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿ, ಅದರಿಂದ ಹೊಸ ಮೂರ್ತಿಗೆ ಅಭಿಷೇಕ ಮಾಡುತ್ತಾರೆ. ಆಮೇಲೆ ಹಳೆಯದು ಬರೀ ಮರ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮೂರ್ತಿಗಳು, ಆ ಉಬ್ಬಿದ ಕಣ್ಣಿನ ಆಳೆತ್ತರದ ಭೂತಗಳು, ದೆಹಲಿಯ ಕರಕುಶಲ ಮ್ಯೂಸಿಯಂವರೆಗೂ ಹೋಗಿವೆ.

ಕಥೆ ಮಾತ್ರ ಮೂರ್ತಿಯ ಜೊತೆ ಹೋಗುವುದಿಲ್ಲ. ಅದು ಇರುವುದು ಪಾಡ್ದನದಲ್ಲಿ, ಅಂದರೆ ತುಳುವಿನ ಹಾಡುಕಥೆಯಲ್ಲಿ. ದೈವದ ವೇಷ ಕಟ್ಟುವ ಪಂಬದ, ನಲಿಕೆ, ಪರವ ಸಮುದಾಯದವರು ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ಗಾಜಿನ ಹಿಂದೆ ಪಂಜುರ್ಲಿ ದೈವದ ಹಂದಿಮೊಗ ಇಟ್ಟು ಕೆಳಗೆ ಹೆಸರಿನ ಚೀಟಿ ಅಂಟಿಸಿದರೆ, ನನ್ನ ಪ್ರಕಾರ ಅರ್ಧವೂ ತಿಳಿಯಲ್ಲ. ನೋಡಲು ಹೋಗುವ ಮೊದಲು ಆ ದೈವದ ಪಾಡ್ದನ ಸ್ವಲ್ಪ ಕೇಳಿಕೊಂಡು ಹೋಗಿ.